ಮುಚ್ಚಳದ ಮೇಲಿನ ಆಮೆ

ನಾನು ಒಂದು ಸಿಮೆಂಟಿನ ಆಮೆ. ಆಮೆ ಎಂದರೆ ನಿಧಾನ ಎಂದು ನೀವು ನಗುತ್ತೀರಿ. ನನಗೆ ಆ ನಿಧಾನದ ಭಾಗ್ಯವೂ ಇಲ್ಲ, ಇಟ್ಟಲ್ಲೇ ಇರುವ ಜನ್ಮ. ಹಾಗಾಗಿ ಕಂಡಿದ್ದು, ಕೇಳಿದ್ದು ಎಲ್ಲ ನೆನಪಿದೆ. ಮರೆತುಬಿಡಲು ನಾನೇನು ಮನುಷ್ಯನೇ?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯ ಪಕ್ಕ ಇನಾಯತ್ ಸಾಬರ ಅಂಗಳವಿದೆ. ಹೂಕುಂಡ, ಬಾತುಕೋಳಿ, ತುಳಸಿಕಟ್ಟೆ ಎಲ್ಲ ಅಲ್ಲಿ ಅಚ್ಚಿನಿಂದ ಎದ್ದು ಬರುತ್ತವೆ. ಆಮೆಗಳು ಮಾತ್ರ ಅಂಗಾತ ಹುಟ್ಟುತ್ತವೆ. ಬೆನ್ನು ಅಚ್ಚಿನ ತಳಕ್ಕೆ, ಹೊಟ್ಟೆ ಮೇಲಕ್ಕೆ. ಆ ಹಸಿ ಹೊಟ್ಟೆಯನ್ನು ಕರಣೆಯಿಂದ ಸವರಿ ನುಣುಪು ಮಾಡುತ್ತಿದ್ದವಳು ಚಿಕ್ಕತಾಯಿ ಎಂಬ ಕೂಲಿಯಾಳು. ಸಿಮೆಂಟು ತಿಂದು ಸೀಳಿದ ಬೆರಳುಗಳು ಅವಳವು. ನನ್ನ ಪಾಲಿಗೆ ತಾಯಿಯೆಂದರೆ ಅವಳೇ.

ನಾನು ಒಬ್ಬನೇ ಹುಟ್ಟಲಿಲ್ಲ, ಒಟ್ಟು ಹನ್ನೆರಡು ಆಮೆಗಳು. ರಿಂಗ್ ರೋಡಿನಾಚೆಯ ಒಂದು ಬಡಾವಣೆಯವರು ಹೇಳಿ ಮಾಡಿಸಿದ್ದು. ರಾಮನವಮಿಗೆ ಅವರ ಬಡಾವಣೆಯ ಹಬ್ಬ. ಊರಿನ ಹನ್ನೆರಡು ಮಂದಿ ಕಲಾವಿದರು ಒಂದೊಂದು ಆಮೆಗೆ ಬಣ್ಣ ಹಚ್ಚುವುದು, ಹಬ್ಬದ ದಿನ ಹರಾಜು ಹಾಕುವುದು, ಬಂದದ್ದನ್ನು ಅನಾಥಾಲಯಕ್ಕೆ ಕೊಡುವುದು. ಒಳ್ಳೆಯ ಕೆಲಸವೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಸಾಬರು ಆ ಬಡಾವಣೆಯ ಹೆಸರು ಹೇಳಿದ ಕೂಡಲೇ ಚಿಕ್ಕತಾಯಿಯ ಕರಣೆ ನನ್ನ ಹೊಟ್ಟೆಯ ಮೇಲೆ ನಿಂತುಬಿಟ್ಟಿತು. ಸಾಬರು ಅತ್ತ ಹೋದ ಮೇಲೆ ಅವಳು ಒಂದು ಮೊಳೆ ಹುಡುಕಿ ತಂದು ನನ್ನ ಹಸಿ ಹೊಟ್ಟೆಯ ಮೇಲೆ ಕೆತ್ತಿದಳು: 'ಎಂ. ಪುಟ್ಟಮಾದ. ಹೊಸ್ತೊಡಕಿನ ದಿನ ಗುಂಡಿಗೆ ಇಳಿದ.' ಏಳನೇ ಕ್ಲಾಸಿನ ಅಕ್ಷರ, ದುಂಡಗಿತ್ತು.

ಸಿಮೆಂಟು ಗಟ್ಟಿಯಾಗಲು ಏಳು ದಿನ ನೀರುಣಿಸಬೇಕು. ಆ ಏಳು ದಿನ ಅವಳು ನೀರು ಹಾಕುತ್ತಾ ತನ್ನ ಪಾಡಿಗೆ ಮಾತಾಡಿಕೊಳ್ಳುತ್ತಿದ್ದಳು, ನಾನು ಕೇಳಿಸಿಕೊಂಡೆ. ಪುಟ್ಟಮಾದ ಅವಳ ತಮ್ಮ. ಹೋದ ವರ್ಷ ಯುಗಾದಿಯ ಮಾರನೇ ದಿನ, ಹೊಸ್ತೊಡಕು, ಮನೆಯಲ್ಲಿ ಬಾಡು ಬೇಯುತ್ತಿತ್ತು. ಬಡಾವಣೆಯ ಪಾರ್ಕಿನಲ್ಲಿ ಕೊಳಚೆ ಗುಂಡಿ ನಾರುತ್ತಿದೆ, ಹಬ್ಬದೊಳಗೆ ಬಳಿಯಬೇಕು ಎಂದು ಯಾರೋ ಕರೆಯಲು ಬಂದರು. "ಒಂದ್ ಗಂಟೆ ಕೆಲ್ಸ ಕಣಕ್ಕ, ಬಂದು ಉಣ್ತೀನಿ" ಎಂದು ಹೋದ. ಚಪ್ಪಲಿ ಗುಂಡಿಯ ಅಂಚಿನಲ್ಲಿ ಬಿಟ್ಟು ಇಳಿದ. ಒಳಗಿನ ವಿಷಗಾಳಿ ಅವನನ್ನು ಮೇಲಕ್ಕೆ ಬಿಡಲಿಲ್ಲ. ಸೊಂಟಕ್ಕೆ ಒಂದು ಹಗ್ಗವನ್ನೂ ಕಟ್ಟಿರಲಿಲ್ಲ, ಪಾಪಿಗಳು.

ಅವಳು ಕೇಳಲು ಹೋದಾಗ ಬಡಾವಣೆಯ ಅಧ್ಯಕ್ಷರು ಗೇಟಿನಿಂದಾಚೆಗೇ ನಿಲ್ಲಿಸಿ, "ಯಾವ ಮಾದ ಕಣಮ್ಮ? ಆ ಹೆಸರಿನವರು ಯಾರೂ ಇಲ್ಲಿ ಕೆಲಸಕ್ಕೆ ಬಂದಿಲ್ಲ. ಯಾರೋ ಹೊರಗಿನವನು, ಇಣುಕೋಕೆ ಹೋಗಿ ಬಿದ್ದಿದಾನೆ" ಎಂದರಂತೆ. ಪೇಪರಿನಲ್ಲಿ 'ಒಬ್ಬ ಕಾರ್ಮಿಕ' ಎಂದು ಬಂತಂತೆ. ಆ ಬಡಾವಣೆಯ ಹೆಸರನ್ನು ನಾನೂ ಹೇಳುವುದಿಲ್ಲ. ಹೆಸರು ನುಂಗಿದವರ ಹೆಸರು ನನಗೇಕೆ?

ಹನ್ನೊಂದು ಆಮೆಗಳನ್ನು ಕಲಾವಿದರು ಬಂದು ಒಯ್ದರು. ಡ್ರಾಯಿಂಗ್ ಮೇಷ್ಟ್ರು, ಹಲ್ಲಿನ ಡಾಕ್ಟರು, ಕಾಲೇಜು ಹುಡುಗಿಯರು. ಹನ್ನೆರಡನೆಯವರು ಬರಲೇ ಇಲ್ಲ. ಹಬ್ಬ ಹತ್ತಿರ ಬಂದಾಗ ಸಾಬರು, "ಚಿಕ್ಕತಾಯಿ, ನೀನೇ ಏನಾದ್ರೂ ಬಳಿದುಬಿಡು. ಅಷ್ಟೊಂದು ಕುಂಡಕ್ಕೆ ಹೂ ಬರೆದಿದೀಯ" ಎಂದರು. ಅವಳು ನನ್ನ ಪಕ್ಕ ನೆಲದ ಮೇಲೆ ಕುಳಿತು ಬರೆದಳು. ನನ್ನ ಬೆನ್ನಿನ ಹದಿಮೂರು ಹಲಗೆಗಳಲ್ಲಿ ಹದಿಮೂರು ಜೊತೆ ಹವಾಯಿ ಚಪ್ಪಲಿ, ನೀಲಿ ಪಟ್ಟಿಯವು, ಅಂಚಿನಲ್ಲಿ ಬಿಟ್ಟಂತೆ. ಕುಂಚದ ಕೂದಲು ಉದುರಿ ಬಣ್ಣಕ್ಕೆ ಅಂಟಿದಾಗ ಉಗುರಿನಿಂದ ತೆಗೆದಳು. ಅಳಲಿಲ್ಲ.

ಸಾಬರು ಫಾರಂ ತುಂಬುವಾಗ ಕಲಾವಿದರ ಹೆಸರಿನ ಕಡೆ ಬೆರಳಿಟ್ಟು ಕೇಳಿದರು.

"ಎಂ. ಪುಟ್ಟಮಾದ ಅಂತ ಬರ್ಕೊಳಿ ಸಾಬ್ರೇ."

"ಅದ್ಯಾರು? ಬಳಿದೋಳು ನೀನಲ್ವಾ?"

"ಬರ್ಕೊಳಿ ಅಂದ್ನಲ್ಲ."

ಸಾಬರು ಅವಳ ಮುಖ ನೋಡಿ ಬರೆದುಕೊಂಡರು. ನನ್ನನ್ನು ಗಾಡಿಗೆ ಹೇರುವಾಗ ಅವಳು ನನ್ನ ತಲೆ ಸವರಿ ಮೆಲ್ಲಗೆ ಹೇಳಿದಳು: "ಲೇ ಮಾದ, ನಿನ್ನ ಹೆಸ್ರ ಅವ್ರ ಬಾಯಲ್ಲೇ ಕೂಗುಸ್ತೀನಿ ಕಣ್ಲಾ. ಅದೆಂಗೆ ಗೊತ್ತಿಲ್ಲ ಅಂತಾರೋ ನೋಡ್ತೀನಿ." ಅವಳಿಗೆ ಬೇಕಾಗಿದ್ದು ಅಷ್ಟೇ. ಅಲ್ಲಿ ಒಬ್ಬರಾದರೂ ಆ ಹೆಸರು ಕೇಳಿ ಬೆಚ್ಚಬೇಕು, ಹೌದು ಬಂದಿದ್ದ ಎನ್ನಬೇಕು.

ಹಬ್ಬದ ಸಂಜೆ ಶಾಮಿಯಾನದ ಕೆಳಗೆ ನಾವು ಹನ್ನೆರಡು ಮಂದಿ ಸಾಲಾಗಿ ಕುಳಿತೆವು. ಅಬ್ಬಾ, ಅಣ್ಣಂದಿರ ಠೀವಿಯೇನು! ಒಬ್ಬನ ಬೆನ್ನ ಮೇಲೆ ಅರಮನೆ, ಒಬ್ಬನ ಬೆನ್ನ ಮೇಲೆ ದಸರಾ ಆನೆ. ಜನ ನನ್ನ ಮುಂದೆ ನಿಂತು, "ಎಷ್ಟು ಮುದ್ದಾದ ಎಸಳುಗಳು ನೋಡ್ರಿ" ಎಂದರು. ಚಪ್ಪಲಿಯನ್ನು ಎಸಳು ಎಂದವರ ಕಣ್ಣಿಗೆ ಏನು ಹೇಳಲಿ! ಚಿಕ್ಕತಾಯಿ ಎಲ್ಲರಿಗಿಂತ ಹಿಂದೆ, ಊಟದ ತಟ್ಟೆಗಳ ರಾಶಿಯ ಪಕ್ಕ ನಿಂತಿದ್ದಳು.

ಹರಾಜು ಕೂಗುತ್ತಿದ್ದವರು ಅಧ್ಯಕ್ಷರೇ. ನನ್ನ ಸರದಿ ಬಂತು. "ಕಲಾವಿದರು ಎಂ. ಪುಟ್ಟಮಾದ! ಪುಟ್ಟಮಾದ ಅವರ ಆಮೆ, ಒಂದನೇ ಸಾರಿ! ಪುಟ್ಟಮಾದ ಅವರ ಆಮೆ, ಎರಡನೇ ಸಾರಿ!" ಮೈಕಿನಲ್ಲಿ ಆ ಹೆಸರು ಪಾರ್ಕಿನ ಆ ತುದಿಯವರೆಗೂ ಹೋಯಿತು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾರೂ ಬೆಚ್ಚಲಿಲ್ಲ. ಬಜ್ಜಿ ತಿನ್ನುತ್ತಿದ್ದವರು ತಿನ್ನುತ್ತಲೇ ಇದ್ದರು. ಮೂರನೇ ಸಾರಿಗೆ ಚಪ್ಪಾಳೆ ಬಿತ್ತು. "ಪುಟ್ಟಮಾದ ಅವರು ವೇದಿಕೆಗೆ ಬಂದು ಶಾಲು ಸ್ವೀಕರಿಸಬೇಕು" ಎಂದು ಅಧ್ಯಕ್ಷರು ಕಾದರು. "ಬಂದಿಲ್ವಾ? ಕಲಾವಿದರು ನೋಡಿ, ಮೂಡ್ ಇರಬೇಕು" ಎಂದರು. ಎಲ್ಲರೂ ನಕ್ಕರು. ಅವರು ಹೆಸರನ್ನು ಮುಚ್ಚಿಟ್ಟಿದ್ದಾರೆ ಎಂದು ಚಿಕ್ಕತಾಯಿ ತಿಳಿದಿದ್ದಳು. ಅವರಿಗೆ ನೆನಪೇ ಇರಲಿಲ್ಲ.

ಅವಳು ಹೊರಡುವಾಗ ಗೇಟಿನ ವಾಚ್‌ಮನ್ ಜವರಯ್ಯ ತಲೆ ತಗ್ಗಿಸಿಕೊಂಡು ಅವಳ ಹತ್ತಿರ ಬಂದ. ನಾನು ಅಲ್ಲೇ ಗೇಟಿನ ಬಳಿ, ಹರಾಜಾದ ಆಮೆಗಳನ್ನು ಸಾಗಿಸುವ ಕೈಗಾಡಿಯಲ್ಲಿದ್ದೆ.

"ತಾಯಿ, ನೀನು ಮಾದನ ಅಕ್ಕ ಅಲ್ವಾ? ಅವತ್ತು ಗೇಟ್ ಬುಕ್ಕಲ್ಲಿ ಅವ್ನ ಹೆಸ್ರು ಬರ್ದೋನು ನಾನೇ. ಒಳಗೋದ ಟೈಮು ಬರ್ದೆ. ಹೊರಗೋದ ಟೈಮು ಬರ್ಯಾಕಾಗ್ಲಿಲ್ಲ. ಆಮೇಲೆ ಆ ಹಾಳೆನೇ ಹರಿದಾಕುಸ್ಬುಟ್ರು."

"ಅದ ಆಗ್ಲೇ ಯೋಳ್ಬಾರ್ದಾಗಿತ್ತಾ ನೀನು?"

"ಎರಡು ಹೆಣ್ಮಕ್ಳವ್ವ ನಂಗೆ" ಎಂದ ಜವರಯ್ಯ. ಅವಳು ಗೇಟು ದಾಟಿ ನಡೆದುಬಿಟ್ಟಳು.

ನನ್ನನ್ನು ಕೊಂಡವರೂ ಅಧ್ಯಕ್ಷರೇ. ಪಾರ್ಕಿಗೆ ದಾನ ಎಂದು ಫೋಟೋ ತೆಗೆಸಿಕೊಂಡರು. "ಈ ಮುಚ್ಚಳ ನೋಡೋಕೇ ಅಸಹ್ಯ, ಆಮೇನ ಇದರ ಮೇಲಿಡಿ" ಎಂದರು. ಯಾವ ಮುಚ್ಚಳ ಎಂದು ನಿಮಗೆ ನಾನು ಹೇಳಬೇಕೇ? ಅವನು ಉಸಿರು ಬಿಟ್ಟ ಗುಂಡಿಯ ಮೇಲೆ ಅವನ ಹೆಸರು ಬೋರಲಾಗಿ ಕುಳಿತಿತು. ಮಕ್ಕಳು ನನ್ನ ಮೇಲೆ ಸವಾರಿ ಮಾಡಿದರು. ನನಗೆ ಮಾತ್ರ ಕೆಳಗಿನಿಂದ ಆ ಬಿಸಿ ಗಾಳಿ ಹೊಟ್ಟೆಗೆ ತಾಗುತ್ತಿತ್ತು.

ಬಿಸಿಲಿಗೆ, ಮಳೆಗೆ ಚಪ್ಪಲಿಗಳ ಬಣ್ಣ ಉದುರಿತು. ಮರುವರ್ಷ ಹಬ್ಬ ಬಂತು, ಗುಂಡಿ ಮತ್ತೆ ನಾರಿತು. ಈ ಸಲ ಕರೆತಂದಿದ್ದು ಸಿದ್ದರಾಚ ಎಂಬವನನ್ನು, ಸುಮಾರು ನಲವತ್ತರ ಆಳು. ಅವನು ಚಪ್ಪಲಿ ಬಿಟ್ಟು ಅಂಚಿನಲ್ಲಿಟ್ಟ. ಜವರಯ್ಯನೂ ಅವನೂ ಸೇರಿ ನನ್ನನ್ನು ಎತ್ತಿ ಪಕ್ಕಕ್ಕೆ ಉರುಳಿಸಿದರು. ನಾನು ಅಂಗಾತ ಬಿದ್ದೆ.

"ಇದೇನಣ್ಣ, ಏನೋ ಬರ್ದದೆ?" ಎಂದ ಸಿದ್ದರಾಚ.

"ಅದು ಆರ್ಟಿಸ್ಟ್ ಹೆಸರು ಕಣಯ್ಯ, ಬೇಗ ಇಳಿ" ಎಂದರು ಅಧ್ಯಕ್ಷರು.

ಜವರಯ್ಯ ಬಗ್ಗಿ ಓದಿದ. ಆಮೇಲೆ ನೆಟ್ಟಗೆ ನಿಂತು ಗಟ್ಟಿಯಾಗಿ ಹೇಳಿದ: "ಅಲ್ಲ ಸಾರ್. ಇವ್ನು ಇದೇ ಗುಂಡೀಲಿ ಸತ್ತೋನು. ಪುಟ್ಟಮಾದ. ನೀವೇ ಕರ್ಸಿದ್ದು. ನಾನೇ ಹೆಸ್ರು ಬರ್ಕೊಂಡಿದ್ದೆ. ಇಳೀಬ್ಯಾಡ ಕಣಪ್ಪ ರಾಚ."

ಸಿದ್ದರಾಚ ಗುಂಡಿಯನ್ನು ನೋಡಿದ, ನನ್ನ ಹೊಟ್ಟೆಯನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದ. ಅಧ್ಯಕ್ಷರು ಕೂಗಾಡಿದರು, ಆಮೇಲೆ ಬೆವರು ಒರೆಸಿಕೊಂಡು ಎಲ್ಲಿಗೋ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಒಂದು ಲಾರಿ ಬಂದು ಪೈಪು ಇಳಿಬಿಟ್ಟು ಗುಂಡಿಯನ್ನು ಪೂರ್ತಿ ಹೀರಿಕೊಂಡು ಹೋಯಿತು. ಒಂದೇ ಒಂದು ಫೋನು. ಅದನ್ನು ನೆನೆದರೆ ಈಗಲೂ ನನ್ನ ಸಿಮೆಂಟೆಲ್ಲ ಉರಿಯುತ್ತದೆ.

ಜವರಯ್ಯನ ಕೆಲಸ ಅಂದೇ ಹೋಯಿತು. ನನ್ನನ್ನು ಕಾಂಪೌಂಡಿನಾಚೆ, ಕಟ್ಟಡದ ಕಸದ ರಾಶಿಯ ಮೇಲೆ ಎಸೆದರು. ಮುಂಗಾಲು ಮುರಿಯಿತು. ಕೆಲವು ದಿನದ ಮೇಲೆ ಜವರಯ್ಯ ಚಿಕ್ಕತಾಯಿಯನ್ನು ಕರೆತಂದ. ಅವಳು ಸೆರಗಿನಿಂದ ನನ್ನ ಹೊಟ್ಟೆಯ ದೂಳು ಒರೆಸಿ, ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಓದುದ್ರು ಕಣ್ಲಾ ಮಾದ. ಒಬ್ಬನಾದ್ರೂ ಮನೆಗೋಗಿ ಉಂಡ" ಎಂದಳು. ಎರಡು ವರ್ಷ ತಡೆದಿಟ್ಟಿದ್ದ ಅಳು ಆಗ ಬಂತು. ಜವರಯ್ಯ ದೂರ ಹೋಗಿ ನಿಂತುಕೊಂಡ.

ಈಗಲೂ ಅಲ್ಲೇ ಇದ್ದೇನೆ, ಹುಟ್ಟಿದ ಹಾಗೆಯೇ ಅಂಗಾತ. ಬೆನ್ನಿನ ಬಣ್ಣ ಮಣ್ಣಾಗಿದೆ, ಹೊಟ್ಟೆಯ ಅಕ್ಷರಗಳು ಉಳಿದಿವೆ. ಮಳೆ ಬಂದರೆ ಅವುಗಳಲ್ಲಿ ನೀರು ನಿಲ್ಲುತ್ತದೆ. ನೀವು ಆ ಕಡೆ ಬಂದರೆ, ಅಯ್ಯೋ ಪಾಪ ಆಮೆ ಮಗುಚಿ ಬಿದ್ದಿದೆ ಎಂದು ಕನಿಕರಪಟ್ಟು ನನ್ನನ್ನು ನೆಟ್ಟಗೆ ಮಾಡಲು ಹೋಗಬೇಡಿ. ನಿಮಗೆ ಕೈ ಮುಗಿಯುತ್ತೇನೆ, ಹೀಗೇ ಬಿಡಿ. ಬಗ್ಗಿ, ಹೆಸರು ಓದಿ ಹೋಗಿ.