ಅಕ್ಕೋರಿಗೆ ಇನ್ನೊಂದು ರೊಟ್ಟಿ

"ಕೆಮ್ಮೂದಿದ್ರ ಹೊಲಕ್ಕ ಹೋಗಿ ಕೆಮ್ಮಿ ಬರ್ರಿ," ಎಂದು ಜೈತುನಬಿ ಗಂಡನನ್ನು ಪಿಸುದನಿಯಲ್ಲೇ ಗದರಿಸಿ ಬಾಗಿಲಾಚೆ ಕಳಿಸಿದಳು.

ಒಳಗೆ ಶಾಲೆಯ ಅಖ್ತರಬೇಗಂ ಅಕ್ಕೋರು ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಜೈತುನಬಿಯ ಮಗಳು ಅಬಿದಾ, ತೊಡೆಯ ಮೇಲೆ ಪಾಟಿ, ಪಾಟಿಯ ಮೇಲೆ ಐದು ಲೆಕ್ಕ. ಅಕ್ಕೋರು ಕೊಟ್ಟು ಎಷ್ಟೋ ಹೊತ್ತಾಗಿತ್ತು. ಹುಡುಗಿ ಇನ್ನೂ ಮೊದಲನೆಯದರಲ್ಲೇ ಇದ್ದಳು. ಕಣ್ಣು ಮಾತ್ರ ಜಂತಿಗೆ, ಜಂತಿಯ ಗುಬ್ಬಿಗೆ, ಅಕ್ಕೋರ ಗಡಿಯಾರಕ್ಕೆ ಸುತ್ತುತ್ತಿತ್ತು. ಐದನ್ನೂ ಮುಗಿಸಿದರೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಬಾಗೇವಾಡಿಗೆ ಹೆಸರು ಹೋಗುತ್ತದೆ. ಇಲ್ಲದಿದ್ದರೆ ಶಾಲೆ ಇಲ್ಲಿಗೆ ಮುಗಿಯಿತು. ಮುಂದೆ ಮದುವೆಯ ಮಾತು, ಅದಕ್ಕೆ ಅಜ್ಜಿ ಆಗಲೇ ತುದಿಗಾಲಲ್ಲಿ ನಿಂತಿದ್ದಳು.

ಜೈತುನಬಿ ಮಾಡದೆ ಉಳಿಸಿದ್ದೇನು? ಹುಡುಗಿಗೆ ಚಿತ್ತ ನಿಲ್ಲುವುದಿಲ್ಲ, ಮನೆಯಲ್ಲಿ ಗದ್ದಲ ಇರಬಾರದು ಎಂದು ಅಕ್ಕೋರು ಹೇಳಿದ್ದೇ ತಡ, ಆಡಿನ ಕೊರಳಗಂಟೆಗೆ ಅರಿವೆ ತುರುಕಿದ್ದಳು. ಕೋಳಿಗಳನ್ನು ನಾದಿನಿಯ ಮನೆಗೆ ಅಟ್ಟಿದ್ದಳು. ಮಗಳು ಏಳುವ ಮೊದಲೇ ಇಡೀ ದಿನದ ರೊಟ್ಟಿ ಬಡಿದಿಡುತ್ತಿದ್ದಳು. ಇಷ್ಟೆಲ್ಲ ಮಾಡಿದ ಮೇಲೆ ಆ ಪುಣ್ಯಾತಗಿತ್ತಿಯ ಲೆಕ್ಕ ಮೊದಲಿಗಿಂತ ಹದಗೆಟ್ಟಿತ್ತು!

"ಆತು ಬಿಡ್ರಿ ಜೈತುನಬಿ, ಹೊಂಡ್ತೇನಿ," ಎಂದು ಅಕ್ಕೋರು ಎದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜೈತುನಬಿಯ ಎದೆ ಒಡೆಯಿತು.

"ಉಣ್ಣದ ಹೋದ್ರ ನನ್ನಾಣಿ ಐತಿ ನೋಡ್ರಿ. ಬಿಸಿ ರೊಟ್ಟಿ ಹಾಕ್ತೇನಿ, ಕುಂಡ್ರಿ."

ಬುಟ್ಟಿಯಲ್ಲಿ ನಸುಕಿನ ರೊಟ್ಟಿ ಇದ್ದವು. ಆದರೆ ಮನೆಗೆ ಬಂದವರಿಗೆ ಆರಿದ್ದನ್ನು ಬಡಿಸುವುದುಂಟೇ? ಒಲೆ ಹೊತ್ತಿಸಿ, ಹಿಟ್ಟು ನಾದಿ, ಕಲ್ಲಿನ ಮೇಲೆ ಬಡಿಯತೊಡಗಿದಳು. ಪಟ್ ಪಟ್ ಪಟ್. ಕಣ್ಣೀರು ಬಂತು, ನೋಡಿದವರು ಹೊಗೆಗೆ ಅಂದುಕೊಳ್ಳಲಿ.

ಮೊದಲ ರೊಟ್ಟಿ ಅಕ್ಕೋರಿಗೆ ಹಾಕಿ, ಎರಡನೆಯದನ್ನು ಬಡಿಯುತ್ತ ತಲೆಯೆತ್ತಿದರೆ, ಅಬಿದಾ ಪಾಟಿಯ ಮೇಲೆ ಬಗ್ಗಿದ್ದಳು. ಬಳಪ ಓಡುತ್ತಿತ್ತು. ಗದ್ದಲವಾಯಿತೇನೋ ಎಂದು ಜೈತುನಬಿ ಕೈ ನಿಲ್ಲಿಸಿದಳು. ಬಳಪವೂ ನಿಂತಿತು, ಹುಡುಗಿಯ ಕಣ್ಣು ಮತ್ತೆ ಗುಬ್ಬಿಯ ಕಡೆ ಹೊರಳಿತು.

"ಬಡೀರಿ," ಅಂದರು ಅಕ್ಕೋರು ಮೆಲ್ಲಗೆ, ತುತ್ತು ಕೈಯಲ್ಲೇ ಹಿಡಿದು. "ನನಗ ಇನ್ನೊಂದು ಬೇಕ್ರಿ."

ಅಕ್ಕೋರು ಕಡ್ಡಿಯಂಥ ಹೆಂಗಸು, ಒಂದು ರೊಟ್ಟಿಯೇ ಹೆಚ್ಚು. ಆದರೂ ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ತಾಟಿನಲ್ಲಿ ರೊಟ್ಟಿ ಏರುತ್ತ ಹೋದವು, ಪಾಟಿಯ ಮೇಲೆ ಲೆಕ್ಕ ಮುಗಿಯುತ್ತ ಹೋದವು. ಬೆನ್ನಿಗೆ ಕಟ್ಟಿಕೊಂಡು ರೊಟ್ಟಿ ಬಡಿಯುವಾಗಲೇ ಈ ಕೂಸು ನಿದ್ದೆ ಮಾಡುತ್ತಿತ್ತು ಎಂಬುದು ಜೈತುನಬಿಗೆ ಈಗ ನೆನಪಾಯಿತು. ತನ್ನ ಬುದ್ಧಿಯನ್ನು ತಾನೇ ಶಪಿಸಿಕೊಂಡಳು. ಮಗಳ ಮೇಲೆ ಪ್ರೀತಿ ಉಕ್ಕಿ ಬಂತು.

ಐದನೆಯ ಲೆಕ್ಕದ ನಡುವೆ ಹಿಟ್ಟು ಮುಗಿಯಿತು. ಗಡಿಗೆಯ ತಳ ಕೆರೆದರೂ ಹಿಡಿ ಸಿಗಲಿಲ್ಲ. ಬಳಪ ತಡವರಿಸಿತು.

ಜೈತುನಬಿ ಅಕ್ಕೋರ ಮುಖ ನೋಡಿದಳು. ಆಮೇಲೆ ಅಂಗೈಗೆ ನೀರು ಮುಟ್ಟಿಸಿಕೊಂಡು ಬರಿಗಲ್ಲನ್ನೇ ಬಡಿಯತೊಡಗಿದಳು. ಒಲೆಯ ಮೇಲೆ ಖಾಲಿ ಹಂಚು ಕಾಯುತ್ತಿತ್ತು.