ಓದಿ ಹೇಳದೆ ಕೊಟ್ಟ ಮಾತ್ರೆ

ಕೊರೋನಾ ಬಂದು ಎರಡನೆಯ ವರ್ಷ. ಆ ಬೀದಿಯಲ್ಲಿ ಬಟ್ಟೆ ಅಂಗಡಿ ಮುಚ್ಚಿತ್ತು, ಕ್ಷೌರದ ಅಂಗಡಿ ಮುಚ್ಚಿತ್ತು, ಶಾಲೆಯ ಗೇಟಿಗೆ ಹಾಕಿದ್ದ ಬೀಗಕ್ಕೆ ತುಕ್ಕು ಹಿಡಿದಿತ್ತು. ಒಂದು ದಿನವೂ ಬಾಗಿಲು ಹಾಕದೆ ಇದ್ದದ್ದು ಔಷಧಿ ಅಂಗಡಿ ಮಾತ್ರ. ಅದನ್ನು ನಡೆಸುತ್ತಿದ್ದವಳನ್ನು ಬೀದಿಯವರೆಲ್ಲ ಅಂಗಡಿಯಕ್ಕ ಎನ್ನುತ್ತಿದ್ದರು. ಜ್ವರ ಬಂದರೆ ಅಂಗಡಿಯಕ್ಕ, ಕೆಮ್ಮು ಬಂದರೆ ಅಂಗಡಿಯಕ್ಕ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೂ ಮೊದಲ ಫೋನು ಅಂಗಡಿಯಕ್ಕನಿಗೇ. "ಅವಳದು ಗಟ್ಟಿ ಜೀವ ಕಣ್ರೀ" ಎಂದು ಎಲ್ಲರೂ ಹೊಗಳುವವರೇ. ಹೊಗಳುವುದಕ್ಕೇನು, ಖರ್ಚಿಲ್ಲ! ಆದರೆ ಗಟ್ಟಿ ಎಂದು ಹೆಸರು ಬಿದ್ದ ಮೇಲೆ, "ನನ್ನ ಕೈಲಿ ಆಗ್ತಿಲ್ಲ" ಎಂದು ಪಾಪ ಅವಳು ಬಾಯಿ ಬಿಡುವುದು ಹೇಗೆ?

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮಾವ ಬದುಕಿದ್ದಾಗ ಹಾಕಿಕೊಟ್ಟದ್ದು. ಒಬ್ಬರು ಡಾಕ್ಟರ ಚೀಟಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕೈಯಲ್ಲಿರುವ ಮಾತ್ರೆಯ ಹಾಳೆಯ ಮೇಲಿನ ಹೆಸರನ್ನೂ ಅಂಕಿಯನ್ನೂ ಗಟ್ಟಿಯಾಗಿ ಓದಬೇಕು. ಎರಡೂ ತಾಳೆಯಾದ ಮೇಲೆಯೇ ಮಾತ್ರೆ ಗಿರಾಕಿಯ ಕೈಗೆ. ಮದುವೆಯಾಗಿ ಬಂದ ವರ್ಷದಿಂದ ಗಂಡ ಹೆಂಡತಿ ಹೀಗೆ ಎದುರುಬದುರು ನಿಂತು ಓದುತ್ತಿದ್ದರು. "ಇವರದೇನ್ರೀ, ದಿನಾ ಪಾಠ ಒಪ್ಪಿಸ್ತಾರೆ" ಎಂದು ಗಿರಾಕಿಗಳು ರೇಗಿಸುತ್ತಿದ್ದರು.

ಕಾಯಿಲೆ ಹರಡಿದ ಮೇಲೆ, ಮನೆಯಿಂದ ಹೊರಗೆ ಬರಲಾಗದವರಿಗೆ ಔಷಧಿ ತಲುಪಿಸಲು ಗಂಡ ಸ್ಕೂಟರ್ ಹತ್ತಿದ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅಂಗಡಿಯಲ್ಲಿ ಅವಳೊಬ್ಬಳೇ ಉಳಿದಳು. ಮೊದಮೊದಲು ಚೀಟಿಯನ್ನೂ ಮಾತ್ರೆಯನ್ನೂ ತಾನೇ ಗಟ್ಟಿಯಾಗಿ ಓದಿದಳು. ಮುಖಕ್ಕೆ ಮಾಸ್ಕು, ಮುಂದೆ ಪ್ಲಾಸ್ಟಿಕ್ ಪರದೆ, ಅದರಾಚೆ ಮುಗಿಯದ ಸಾಲು. ಓದಿ ಓದಿ ಗಂಟಲು ಕಟ್ಟಿತು. ಆಮೇಲೆ ಮನಸ್ಸಿನಲ್ಲೇ ಓದಿಕೊಂಡಳು. ಕೊನೆಗೆ ಅದೂ ನಿಂತುಹೋಯಿತು.

ತನಗೇನಾಗುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ. ಮೊದಲ ವರ್ಷ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಅತ್ತಿದ್ದಳು. ಈಗ "ಹೌದಾ" ಎಂದು ಮುಂದಿನ ಚೀಟಿಗೆ ಕೈ ಚಾಚುತ್ತಿದ್ದಳು. ಎಷ್ಟು ಮಲಗಿದರೂ ಏಳುವಾಗ ಮೈಯೆಲ್ಲ ಭಾರ. ಗೆಳತಿಯ ಫೋನು ಬಂದರೆ ಎತ್ತಲು ಬೇಸರ. ಎರಡನೆಯ ತರಗತಿಯ ಮಗಳು ಒಂದು ದಿನ ಫೋನಿನ ಪಾಠ ಬಿಟ್ಟು ಓಡಿ ಬಂದು, "ಅಮ್ಮಾ, ಹಲ್ಲು ಬಿತ್ತು ನೋಡು!" ಎಂದು ಅಂಗೈ ಚಾಚಿದಳು. "ಸರಿ, ಅಲ್ಲಿಡು" ಎಂದಳು ತಾಯಿ. ಮಗುವಿನ ಮುಖ ಸಪ್ಪಗಾಯಿತು. ಅದು ಅವಳ ಕಣ್ಣಿಗೆ ಕಂಡಿತು, ಮನಸ್ಸಿಗೆ ತಟ್ಟಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಗಣಿತದ ಮೇಷ್ಟ್ರು ಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿಗೆಲ್ಲ ಅವರು ಮೇಷ್ಟ್ರೇ. ಬೆಳಿಗ್ಗೆಯಷ್ಟೇ ಬಿ.ಪಿ. ಮಾತ್ರೆ ತೆಗೆದುಕೊಂಡು ಹೋಗಿದ್ದವರು, ಅದೇ ಹಾಳೆಯನ್ನು ಚೀಟಿಯ ಜೊತೆ ಪರದೆಯ ಕೆಳಗಿನಿಂದ ತೂರಿಸಿದರು.

"ಏನಮ್ಮಾ, ಚೀಟೀಲಿ ಐದು ಅಂತಿದೆ, ಇದರ ಮೇಲೆ ಹತ್ತು ಅಂತಿದೆ. ನನ್ನ ಕಣ್ಣು ಸರಿಯಾಗಿದೆಯಾ ಇಲ್ವಾ, ನೀನೇ ನೋಡಿ ಹೇಳು."

ಅವರ ಕಣ್ಣು ಸರಿಯಾಗಿಯೇ ಇತ್ತು. ಅವರು ದಿನವೂ ನುಂಗುವುದಕ್ಕಿಂತ ಎರಡು ಪಟ್ಟು ಶಕ್ತಿಯ ಮಾತ್ರೆ ಅದು. ನುಂಗಿದ್ದರೆ ಬಿ.ಪಿ. ಇಳಿದು, ತಲೆ ಸುತ್ತಿ, ಮೆಟ್ಟಿಲ ಮೇಲಿಂದ ಬಿದ್ದೇಬಿಡಬಹುದಿತ್ತು.

"ನಾನಿನ್ನೂ ನುಂಗಿಲ್ಲ, ಗಾಬರಿ ಆಗ್ಬೇಡ" ಎಂದರು ಮೇಷ್ಟ್ರು.

ಅವಳಿಗೆ ಗಾಬರಿಯೇ ಆಗಲಿಲ್ಲ. "ಬದಲಾಯಿಸಿ ಕೊಡ್ತೀನಿ" ಎಂದು ಬೇರೆ ಹಾಳೆ ಕೊಟ್ಟಳು. ಅವರು ಹೋದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತಳು. ಒಬ್ಬರ ಜೀವಕ್ಕೆ ಕುತ್ತು ತರುವಂಥ ತಪ್ಪು ಮಾಡಿಯೂ ನನಗೆ ಏನೂ ಅನ್ನಿಸುತ್ತಿಲ್ಲವಲ್ಲ, ಇಂಥ ಕೈ ಇನ್ನು ಮಾತ್ರೆ ಕೊಡಬಹುದೇ? ಈ ಯೋಚನೆ ಬಂದಾಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ ಬಂದವರು ನರ್ಸಮ್ಮ. ಬಡಾವಣೆಯ ಆರೋಗ್ಯ ಕೇಂದ್ರದವರು. ಮನೆಮನೆ ಸುತ್ತುವುದಕ್ಕೆ ಬೇಕಾದ ಕೈಗವಸು, ಮಾಸ್ಕುಗಳನ್ನು ಪ್ರತಿ ಮಂಗಳವಾರ ಇಲ್ಲಿಂದಲೇ ಒಯ್ಯುತ್ತಿದ್ದರು. ಅಂಗಡಿಯಕ್ಕನಿಗಿಂತ ನಾಲ್ಕು ವರ್ಷ ದೊಡ್ಡವರು, ಬಹಳ ಸಲುಗೆ.

"ಏನೇ ಇದು, ಗ್ರಹಣ ಹಿಡಿದವಳ ಹಾಗೆ ಕೂತಿದ್ದೀಯ?"

"ನಾಳೆಯಿಂದ ಅಂಗಡಿ ತೆಗೆಯಲ್ಲ ಅಕ್ಕ. ನಾನು ಕಲ್ಲಾಗಿ ಹೋಗಿದ್ದೀನಿ."

ಮೇಷ್ಟ್ರ ಮಾತ್ರೆಯ ವಿಷಯವನ್ನೆಲ್ಲ ಹೇಳಿದಳು. ನರ್ಸಮ್ಮ ಬೈಯಲೂ ಇಲ್ಲ, ಲೊಚಗುಟ್ಟಲೂ ಇಲ್ಲ. ಸ್ಟೂಲನ್ನು ಬಾಗಿಲಾಚೆ ಗಾಳಿಗೆ ಎಳೆದುಕೊಂಡು ಕೂತರು.

"ಎಷ್ಟು ದಿನದಿಂದ ಹೀಗಿದೆ?"

"ಮೂರು ತಿಂಗಳಾಗಿರಬಹುದು."

"ಊಟ?"

"ನಿಂತ್ಕೊಂಡೇ ಒಂದಿಷ್ಟು ಗಂಟಲಿಗೆ ಇಳಿಸ್ತೀನಿ."

"ಈ ಟಿವಿ ಹೀಗೇ ಬಡ್ಕೊಳ್ತಾ ಇರುತ್ತಾ?"

"ಬೆಳಿಗ್ಗೆಯಿಂದ ಸಂಜೆವರೆಗೂ. ಇವತ್ತು ಎಷ್ಟು ಜನ ಹೋದ್ರು, ನಿನ್ನೆ ಎಷ್ಟು ಜನ ಹೋದ್ರು, ಅದೇ."

ನರ್ಸಮ್ಮ ಎದ್ದು ಟಿವಿ ಆರಿಸಿ ಬಂದರು. "ಒಂದು ಮಾತು ನೇರವಾಗಿ ಕೇಳ್ತೀನಿ. ಬದುಕೋದೇ ಬೇಡ ಅಂತ ಯಾವತ್ತಾದ್ರೂ ಅನ್ನಿಸಿದೆಯಾ?"

"ಇಲ್ಲ ಅಕ್ಕ. ಒಂದು ವಾರ ಯಾರೂ ಮಾತಾಡಿಸದೆ ಬಿದ್ಕೊಂಡಿರಬೇಕು ಅನ್ಸುತ್ತೆ, ಅಷ್ಟೆ."

"ಹಾಗೇನಾದ್ರೂ ಅನ್ನಿಸಿದ್ರೆ ಆ ಗಳಿಗೆಯಲ್ಲೇ ನನಗೆ ಹೇಳ್ಬೇಕು. ಹೊತ್ತು ಗೊತ್ತು ನೋಡ್ಕೂಡದು. ಈಗ ಕೇಳು. ನೀನು ಕಲ್ಲೂ ಆಗಿಲ್ಲ, ಮಣ್ಣೂ ಆಗಿಲ್ಲ. ದಣಿದಿದ್ದೀಯ. ಕಾಲು ದಣಿದ್ರೆ ನೋಯುತ್ತೆ. ಮನಸ್ಸು ತೀರಾ ದಣಿದ್ರೆ ಜೋಮು ಹಿಡಿಯುತ್ತೆ, ನೋವೂ ಗೊತ್ತಾಗಲ್ಲ, ನಲಿವೂ ಗೊತ್ತಾಗಲ್ಲ. ನನಗೂ ಹೀಗಾಗಿತ್ತು."

"ನಿಮಗಾ?"

"ನರ್ಸ್ ಅಂದ್ರೆ ಮೇಲಿಂದ ಇಳಿದು ಬಂದಿರ್ತಾರಾ? ಹೋದ ವರ್ಷ ಸೂಜಿ ಚುಚ್ಚುವಾಗ ಮಗು ಅತ್ರೆ ನನಗೆ ಸಿಟ್ಟು ಬರ್ತಿತ್ತು. ಮಗು ಮೇಲೆ! ದೊಡ್ಡಾಸ್ಪತ್ರೆಯಲ್ಲಿ ಆಪ್ತ ಸಲಹೆಗಾರರು ಇದ್ದಾರೆ, ನಾಲ್ಕು ಸಲ ಹೋಗಿ ಮಾತಾಡಿ ಬಂದೆ. ಎರಡು ವಾರ ದಾಟಿದ ಮೇಲೂ ಹೀಗೇ ಇದ್ರೆ ತೋರಿಸ್ಲೇಬೇಕು. ನೀನು ಮೂರು ತಿಂಗಳು ಎಳೆದಿದ್ದೀಯ."

ಅಂಗಡಿಯಕ್ಕ ಒಪ್ಪಿದಳು. ಮನೆಯವರು ಒಪ್ಪಬೇಕಲ್ಲ? ಸಂಜೆ ನರ್ಸಮ್ಮ ಮನೆಗೂ ಬಂದು, ಮೆಟ್ಟಿಲ ಮೇಲೆ ದೂರ ದೂರ ಕೂತ ಗಂಡನಿಗೂ ಅತ್ತೆಗೂ ವಿಷಯ ತಿಳಿಸಿದರು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಈಗಲೂ ಅವರು ಅಡುಗೆಮನೆಯಲ್ಲಿ ಮಾತಾಡಿದರೆ ಬೀದಿಯ ಕೊನೆಯವರಿಗೆ ಕೇಳಿಸುತ್ತದೆ.

"ಸುಸ್ತಿಗೂ ಡಾಕ್ಟರಾ?" ಎಂದು ಅವರು ಮೂಗು ಮುರಿದರು. "ಬಿಸಿನೀರಲ್ಲಿ ಸ್ನಾನ ಮಾಡಿ ಮಲಗಿದ್ರೆ ಬೆಳಿಗ್ಗೆಗೆ ಸರಿಹೋಗುತ್ತೆ. ನಾವು ದಿನಾ ಎಂಟು ಗಂಟೆ ಕಿವಿಗೆ ಫೋನು ಕಟ್ಕೊಂಡು ಕೂರ್ತಿದ್ವಿ. ಸಾವಿನ ಸುದ್ದಿ, ಹೆರಿಗೆ ಸುದ್ದಿ, ಎಲ್ಲಾ ನಮ್ಮ ಕಿವಿ ಮೇಲೇ ಹಾದು ಹೋಗ್ತಿತ್ತು. ನಾವೇನು ಯಾರ ಹತ್ರನಾದ್ರೂ ಹೋಗಿ ಅತ್ವಾ?"

ಗಂಡನಿಗೆ ಬೇರೆಯದೇ ಚಿಂತೆ. "ಜನ ಏನಂತಾರೆ ನರ್ಸಮ್ಮ? ಅಂಗಡಿಯಕ್ಕನ ಮನಸ್ಸೇ ಸರಿಯಿಲ್ಲ ಅಂದ್ರೆ, ಅವಳ ಹತ್ರ ಮಾತ್ರೆ ತಗೋತಾರಾ?"

"ದಣಿದವಳ ಹತ್ರ ತಗೊಂಡ್ರಲ್ಲ ಇವತ್ತು, ಏನಾಯ್ತು ನೋಡಿದ್ರಲ್ಲ" ಎಂದರು ನರ್ಸಮ್ಮ. ಆಮೇಲೆ ಅತ್ತೆಯ ಕಡೆ ತಿರುಗಿ, "ಎಂಟು ಗಂಟೆನೂ ಒಂದೇ ಸಮನೆ ಕೂರ್ತಿದ್ರಾ ಅಮ್ಮ?" ಎಂದು ಕೇಳಿದರು.

"ಒಂದೇ ಸಮನೆ ಹೇಗಾಗುತ್ತೆ? ಎರಡು ಗಂಟೆಗೊಂದ್ಸಲ ಸೂಪರ್‌ವೈಸರಮ್ಮ ಬಂದು ಭುಜ ತಟ್ಟೋರು. ತಟ್ಟಿದ ಕೂಡಲೇ ಏಳ್ಬೇಕು, ಇನ್ನೊಬ್ಬಳು ಆ ಜಾಗದಲ್ಲಿ ಕೂರೋಳು. 'ನನಗೇನೂ ಆಗಿಲ್ಲ, ಇನ್ನೂ ಸ್ವಲ್ಪ ಹೊತ್ತು ಕೂರ್ತೀನಿ' ಅಂದ್ರೆ ಬೈಗುಳ. ನಿನಗೆ ಸಾಕಾಗಿದೆ ಅಂತ ನಿನಗೆ ಗೊತ್ತಾಗೋ ಹೊತ್ತಿಗೆ ನಂಬರು ತಪ್ಪಾಗಿರುತ್ತೆ ಅನ್ನೋರು ಆಯಮ್ಮ..."

ಅತ್ತೆಯ ಮಾತು ಅಲ್ಲಿಗೇ ನಿಂತಿತು. ಅಷ್ಟು ದೊಡ್ಡ ಗಂಟಲು ಒಮ್ಮೆಲೇ ಸಣ್ಣಗಾಯಿತು. ಸೊಸೆಯ ಮುಖವನ್ನು ಎಷ್ಟೋ ದಿನದ ಮೇಲೆ ನೋಡುವವರಂತೆ ನೋಡಿದರು.

"ಎರಡು ವರ್ಷದಿಂದ ನಿನ್ನ ಭುಜ ಯಾರೂ ತಟ್ಟಲೇ ಇಲ್ಲ, ಅಲ್ವೇನೇ?"

ಅಂಗಡಿಯಕ್ಕನ ಕಣ್ಣಲ್ಲಿ ನೀರು ಬಂತು. ಬಂದದ್ದು ನಿಲ್ಲಲಿಲ್ಲ. ಗಂಡ "ಅಳ್ಬೇಡ" ಎನ್ನಲು ಬಾಯಿ ತೆರೆದ. ನರ್ಸಮ್ಮ ಕಣ್ಣಲ್ಲೇ ಗದರಿದರು, ಅವನು ಸುಮ್ಮನಾದ. ಅವಳು ಅಷ್ಟೂ ತಿಂಗಳಿನದನ್ನು ಅತ್ತು ಮುಗಿಸುವವರೆಗೆ ಮೂವರೂ ಕೂತೇ ಇದ್ದರು. ಆ ಮೂವರು ಎದ್ದು ಹೋಗದೆ ಕೂತಿದ್ದಕ್ಕೆ ಅವಳು ಇವತ್ತಿಗೂ ಋಣಿ.

ಮಾರನೆಯ ದಿನ ಅತ್ತೆ ಕನ್ನಡಕ ಒರೆಸಿಕೊಂಡು, ಎರಡು ಮಾಸ್ಕು ಹಾಕಿಕೊಂಡು ಅಂಗಡಿಗೆ ಬಂದರು. "ನನಗೆ ಎರಡು ಡೋಸೂ ಆಗಿದೆ. ಚೀಟಿ ನಾನು ಓದ್ತೀನಿ, ಮಾತ್ರೆ ನೀನು ಓದು" ಎಂದರು. ಓದಿದರು ನೋಡಿ! ಯಾರಿಗೆ ಮಲಬದ್ಧತೆ, ಯಾರ ತಲೆಯಲ್ಲಿ ಹೊಟ್ಟು ಎಂಬುದೆಲ್ಲ ಇಡೀ ಬೀದಿಗೆ ಗೊತ್ತಾಗತೊಡಗಿತು. "ಅಮ್ಮಾ, ನಿಮ್ಮ ದಮ್ಮಯ್ಯ, ಸ್ವಲ್ಪ ಮೆಲ್ಲಗೆ ಓದಿ" ಎಂದು ಗಿರಾಕಿಗಳು ಕೈ ಮುಗಿದರು. ಅಂಗಡಿಯಕ್ಕ ಮಾಸ್ಕಿನೊಳಗೆ ನಕ್ಕಳು. ನಕ್ಕೆನಲ್ಲ ಎಂದು ಅವಳಿಗೇ ಆಶ್ಚರ್ಯ.

ಮಧ್ಯಾಹ್ನ ಎರಡು ಗಂಟೆ ಹೊತ್ತು ಅಂಗಡಿ ಮುಚ್ಚಿರುತ್ತದೆ ಎಂದು ಬೋರ್ಡು ಹಾಕಿದರು. ತುರ್ತು ಇದ್ದರೆ ಗಂಡನ ನಂಬರು. ಬೀದಿಯವರು ಗೊಣಗುತ್ತಾರೆ ಎಂದುಕೊಂಡಿದ್ದರು, ಯಾರೂ ಗೊಣಗಲಿಲ್ಲ. ಆ ಹೊತ್ತಿನಲ್ಲಿ ಅವಳು ಕೂತು ಊಟ ಮಾಡುತ್ತಾಳೆ. ಮಗಳ ಜೊತೆ ಖಾಲಿ ಮೈದಾನದಲ್ಲಿ ನಾಲ್ಕು ಸುತ್ತು ನಡೆಯುತ್ತಾಳೆ. ಸುದ್ದಿ ಸಂಜೆ ಒಂದೇ ಸಲ, ಕಾಲು ಗಂಟೆ. ಗುರುವಾರ ದೊಡ್ಡಾಸ್ಪತ್ರೆಗೆ. ಅಲ್ಲಿ ಆಪ್ತ ಸಲಹೆಗಾರರು ಬಹಳ ಹೇಳಲಿಲ್ಲ, ಬಹಳ ಕೇಳಿಸಿಕೊಂಡರು. ಮಂತ್ರ ಹಾಕಿದ ಹಾಗೆ ಎಲ್ಲವೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಕೆಲವು ದಿನ ಚೆನ್ನ, ಕೆಲವು ದಿನ ಮತ್ತೆ ಅದೇ ಭಾರ. ಆದರೆ ಭಾರವಿದೆ ಎಂದು ಹೇಳಿದರೆ ಕೇಳುವವರು ಮನೆಯಲ್ಲೇ ಇದ್ದರು.

ಆರನೆಯ ವಾರ ಅವಳು ಮೇಷ್ಟ್ರ ಮನೆಗೆ ಹೋಗಿ ಗೇಟಿನಾಚೆಯೇ ನಿಂತಳು.

"ಅವತ್ತು ತಪ್ಪಾಯ್ತು ಮೇಷ್ಟ್ರೇ. ಅವತ್ತೇ ಹೇಳ್ಬೇಕಿತ್ತು, ಹೇಳೋಕೆ ನನ್ನಲ್ಲಿ ಏನೂ ಉಳಿದಿರ್ಲಿಲ್ಲ. ನೀವು ಬೀದಿಗೆಲ್ಲ ಸಾರಬಹುದಿತ್ತು, ಸಾರಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ."

ಮೇಷ್ಟ್ರು ಗೇಟಿನ ತನಕ ನಡೆದು ಬಂದರು. "ಉಪಕಾರ ಯಾರದು ಯಾರಿಗಮ್ಮ? ಇಡೀ ಊರು ಬಾಗಿಲು ಹಾಕ್ಕೊಂಡಾಗ ನೀನು ತೆಗೆದಿಟ್ಟೆ. ಎರಡು ವರ್ಷ ನಿನ್ನ ಕೈಯಿಂದ ಮಾತ್ರೆ ತಗೊಂಡೆ. ನೀನು ಹೇಗಿದ್ದೀಯ ಅಂತ ಒಂದ್ಸಲವೂ ಕೇಳ್ಲಿಲ್ಲ ನಾನು. ಈಗ ಕೇಳ್ತಿದ್ದೀನಿ. ಹೇಗಿದ್ದೀಯಮ್ಮ?"

ಚೆನ್ನಾಗಿದ್ದೀನಿ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ಅಂಗಡಿಯಕ್ಕ ಅದನ್ನು ನುಂಗಿಕೊಂಡಳು.

"ಇವತ್ತು ಸ್ವಲ್ಪ ಸುಸ್ತು ಮೇಷ್ಟ್ರೇ" ಎಂದಳು. ಹಾಗೆಂದು ಹೇಳಲು ಅವಳಿಗೆ ಎರಡು ವರ್ಷ ಹಿಡಿದಿತ್ತು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ, ಬೀದಿಯಲ್ಲೂ ಗಟ್ಟಿ ಜೀವ ಎಂದು ಹೆಸರಾದವರು ಒಬ್ಬರಾದರೂ ಇದ್ದಾರೆ. ಕಷ್ಟದ ಕಾಲದಲ್ಲಿ ಅವರು ನಿಮ್ಮನ್ನು ನಡೆಸಿದ್ದಾರೆ. ಬರೀ ಹೊಗಳಿ ಸುಮ್ಮನಾಗಬೇಡಿ, ಅವರ ಕೆಲಸದಲ್ಲಿ ಒಂದು ಗಂಟೆ ನೀವು ಹೊತ್ತುಕೊಳ್ಳಿ. ಆ ಗಟ್ಟಿ ಜೀವ ನೀವೇ ಆಗಿದ್ದರೆ, ನಂಬಿಕೆಯವರೊಬ್ಬರಿಗೆ ಇವತ್ತೇ ಹೇಳಿ. ಎರಡು ವಾರ ಕಳೆದರೂ ಮನಸ್ಸಿನ ಭಾರ ಇಳಿಯದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ಒಬ್ಬರೇ ಇರಬೇಡಿ, ಕೂಡಲೇ ಯಾರನ್ನಾದರೂ ಕರೆಯಿರಿ. ಇನ್ನು, ಈ ಕಥೆ ಮುಗಿದ ಕೂಡಲೇ ಪಕ್ಕದಲ್ಲಿರುವವರನ್ನು "ಹೇಗಿದ್ದೀರಿ?" ಎಂದು ಕೇಳಿ. ಕೇಳಿದ ಮೇಲೆ ಎದ್ದು ಹೋಗಬೇಡಿ, ಅವರು ನಿಜ ಹೇಳುವವರೆಗೆ ಕಾಯಿರಿ.