ಕಂಡಿಕೆ ಉರುಳಿಸುವ ಡಾಕ್ಟರು

ವಡಗಾವಿಯ ಮಕ್ಕಳ ವೈದ್ಯ ಗುರುಪುತ್ರಪ್ಪನವರ ಕೋಟಿನ ಜೇಬುಗಳು ಸದಾ ಜೋತುಬಿದ್ದಿರುತ್ತವೆ. ಒಳಗೆ ಇರುವುದು ಓಣಿಯ ನೇಕಾರರು ಪ್ರೀತಿಯಿಂದ ಕೊಟ್ಟ, ನೂಲು ಮುಗಿದ ಬಣ್ಣಬಣ್ಣದ ಕಂಡಿಕೆಗಳು, ಅಂದರೆ ಮಗ್ಗದ ನೂಲು ಸುತ್ತುವ ಪುಟ್ಟ ಕೊಳವೆಗಳು. ಬಲಗಾಲನ್ನು ಕೊಂಚ ಎಳೆಯುತ್ತ, ಜೇಬು ಟಕಟಕ ಸದ್ದು ಮಾಡುತ್ತ ಅವರು ಒಳಬಂದರೆಂದರೆ, ಜ್ವರಪೀಡಿತ ಶಿಶುವಿನ ಮೈ ಮುಟ್ಟುವ ಮೊದಲೇ ಮೇಜಿನ ಮೇಲೊಂದು ಕಂಡಿಕೆ ಉರುಳುತ್ತದೆ. ಥರ್ಮಾಮೀಟರಿನ ಸರದಿ ಆಮೇಲೆ. ಹೊಸದಾಗಿ ಬಂದ ತಾಯಂದಿರಿಗೆ ಈ ಹುಡುಗಾಟ ಕಂಡು ಮೈಯೆಲ್ಲ ಉರಿಯುತ್ತದೆ.

ಖಾನಾಪುರದ ಪ್ರಮಿಳಾಗೂ ಉರಿದಿತ್ತು. ಎರಡು ವರ್ಷದ ಮಗಳು ಸೃಷ್ಟಿಗೆ ನೂರಾಮೂರು ಜ್ವರ. ಅತ್ತೆ ಫಕೀರವ್ವ ಕುರಿ ಕಾಯ್ದ ಮನೆತನದವಳು. ಬೆವರಿದರೆ ಜ್ವರ ಬಿಡುತ್ತದೆಂದು ಮೊಮ್ಮಗಳನ್ನು ಕರಿಕಂಬಳಿಯಲ್ಲಿ ಸುತ್ತಿಟ್ಟಿದ್ದಳು. ಸೊಸೆಯದು ಬೇರೆ ಹಟ: ಥರ್ಮಾಮೀಟರ್ ನೂರು ದಾಟಿದರೆ ಸಾಕು, ಸಿರಪ್ಪಿನ ಮುಚ್ಚಳ ತೆರೆಯಿತು. ಅತ್ತೆ ಸುತ್ತಿ ಏರಿಸುವುದು, ಸೊಸೆ ಕುಡಿಸಿ ಇಳಿಸುವುದು. ನಡುವೆ ಕೂಸು ಹೈರಾಣ.

ಡಾಕ್ಟರು ಕೆಂಪು ಕಂಡಿಕೆ ಉರುಳಿಸಿದರು. ಸೃಷ್ಟಿ ತಾಯಿಯ ತೊಡೆಯಿಂದ ಜಾರಿ ಅದನ್ನು ಹಿಡಿದು ನಕ್ಕಳು. ಎದೆ, ಕಿವಿ, ಗಂಟಲು ಎಲ್ಲ ಪರೀಕ್ಷಿಸಿ ಅವರೂ ನಕ್ಕರು.

"ಆಡಾಕತ್ತಾಳ, ನೀರು ಕುಡ್ಯಾಕತ್ತಾಳ. ಅಂಕಿ ನೋಡಿ ಔಷಧ ಕುಡಸಬ್ಯಾಡ್ರಿ ತಾಯಿ. ಕೂಸು ನರಳಿದ್ರ, ಮೈಕೈ ನೋವಿಗೆ ಅತ್ರ, ತೂಕಕ್ಕ ತಕ್ಕಷ್ಟು ಕೊಡ್ರಿ. ಆದ್ರ ಕಂಡಿಕಿ ಉರುಳಿಸಿದ್ರೂ ಹೊಳ್ಳಿ ನೋಡಲಿಲ್ಲಂದ್ರ, ಜ್ವರ ಎಷ್ಟರ ಇರಲಿ, ಓಡಿ ಬರ್ರಿ."

ಬಳಿಕ ಫಕೀರವ್ವನತ್ತ ತಿರುಗಿದರು. "ಯವ್ವಾ, ಮಳ್ಯಾಗ ಕುರಿ ಕಾಯಾಕ ಕಂಬಳಿ ಛಲೋ. ಕೂಸಿಗಿ ತೆಳ್ಳನ ಅಂಗಿ ಸಾಕು." ಮುದುಕಿ ಮುಖ ಊದಿಸಿಕೊಂಡಳು. ಕಂಡಿಕೆ ಸೃಷ್ಟಿಯ ಅಂಗೈಯಲ್ಲೇ ಖಾನಾಪುರದ ಬಸ್ಸು ಹತ್ತಿತು.

ಮಳೆಗಾಲದಲ್ಲಿ ಜ್ವರ ಮತ್ತೆ ಬಂತು. ನರಳುತ್ತಿದ್ದ ಮಗಳಿಗೆ ಪ್ರಮಿಳಾ, ಡಾಕ್ಟರು ಹೇಳಿದಷ್ಟೇ ಔಷಧ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಜ್ವರ ನೂರಕ್ಕಿಳಿಯಿತು. "ಇಳದಾವ ಬಿಡ, ಮಲಗಲಿ," ಎಂದಳು ಫಕೀರವ್ವ. ಪ್ರಮಿಳಾಗೇಕೋ ಸಮಾಧಾನವಾಗಲಿಲ್ಲ. ಕೆಂಪು ಕಂಡಿಕೆಯನ್ನು ಚಾಪೆಯ ಮೇಲೆ ಉರುಳಿಸಿದಳು. ಅದು ಹೋಗಿ ಮಗುವಿನ ಬೆರಳಿಗೆ ತಾಗಿ ನಿಂತಿತು. ಬೆರಳು ಅಲುಗಲಿಲ್ಲ, ಕಣ್ಣೂ ಹೊರಳಲಿಲ್ಲ. ಪ್ರಮಿಳಾ ಮಗಳ ಮೇಲೆ ಬಾಗಿದಳು. ಅಂಗಿ ಸರಿಸಿದರೆ, ಉಸಿರಿಗೊಮ್ಮೆ ಪಕ್ಕೆ ಒಳಸೆಳೆಯುತ್ತಿತ್ತು. ಬಾಜು ಮನೆಯವರ ಗಾಡಿ ಹತ್ತಿ ಸೀದಾ ವಡಗಾವಿಗೆ ಧಾವಿಸಿದಳು.

ನ್ಯುಮೋನಿಯಾ ಆಗಿತ್ತು. ಡಾಕ್ಟರು ತಾವೇ ಜೊತೆ ಹೋಗಿ ದೊಡ್ಡಾಸ್ಪತ್ರೆಗೆ ಸೇರಿಸಿದರು. "ಜ್ವರ ಇಳದಾವಂತ ಕುಂತಿದ್ರ ಕೂಸು ಕೈಬಿಟ್ಟು ಹೋಗ್ತಿತ್ತು ತಾಯಿ," ಎಂದರು.

ಸೃಷ್ಟಿ ಗುಣವಾಗಿ ಮನೆಗೆ ಬಂದ ದಿನ, ಮುಖ ಊದಿಸಿದ್ದ ಅದೇ ಫಕೀರವ್ವ ಕಂಡಿಕೆಗೆ ಭಂಡಾರದ ಅರಿಶಿನ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು. ಸುದ್ದಿ ಕೇಳಿ ಡಾಕ್ಟರು ಗದರಿದರು: "ಜಗಲಿ ಮ್ಯಾಲ ಇಟ್ರ ಕೂಸಿನ ಕೈಗಿ ಹೆಂಗ ಸಿಗಬೇಕು? ಕೆಳಗ ಇಡ್ರಿ." ಮುದುಕಿ ಕೆಳಗಿಟ್ಟಳು, ಆದರೆ ಮೊಮ್ಮಗಳು ಮಲಗಿದ ಮೇಲೆ ಈಗಲೂ ಒಂದು ಗಳಿಗೆ ಅದನ್ನು ಜಗಲಿಗೇರಿಸಿ ಕೈಮುಗಿಯುತ್ತಾಳೆ.

ರೋಗ ವಾಸಿ ಮಾಡುವವರು ಊರಿಗೆ ಹತ್ತು ಮಂದಿ ಸಿಕ್ಕಾರು. ತಮ್ಮ ವಿದ್ಯೆಯ ಒಂದು ಪಾಲನ್ನು ತಾಯಿಯ ಕಣ್ಣಿಗೇ ಧಾರೆಯೆರೆದು, ತಾವಿಲ್ಲದ ಮನೆಯಲ್ಲೂ ಮಗುವನ್ನು ಕಾಯುವವರು ವಿರಳ. ಅಂಥವರ ಋಣವನ್ನು ನಾವು ತೀರಿಸಲಾರೆವು. ಅವರಿಂದ ಉಳಿದು ಅಂಗಳದಲ್ಲಿ ಆಡುವ ಮಕ್ಕಳೇ ದಿನವೂ ಒಂದಿಷ್ಟು ತೀರಿಸುತ್ತಿರುತ್ತಾರೆ.